ನಾಯಿ ಬಿಲ್ಲೆ ಬೇಕಾ, ಪಾತ್ರೆ ಅಂಗಡಿಗೆ ಹೋಗಿ (ತುಮಕೂರು, ನಾಲ್ಕೂವರೆ ಸ್ಟಾರ್)

ನಾಯಿ ಕತ್ತಿಗೆ ಹೆಸರಿನ ಬಿಲ್ಲೆ ಬೇಕು ಅಂದ್ರೆ ತುಮಕೂರಲ್ಲಿ ಪೆಟ್ ಶಾಪ್ ಸುತ್ಬೇಡಿ, ಆನ್‌ಲೈನೂ ಬೇಡ, ಸೀದಾ ಮಂಡಿಪೇಟೆ ಕಡೆ ಹೋಗಿ ಹಳೇ ಪಾತ್ರೆ ಅಂಗಡಿ ಹುಡ್ಕಿ. ಮದುವೆಗೆ ಗೃಹಪ್ರವೇಶಕ್ಕೆ ಕೊಡೋ ಬಿಂದಿಗೆ ತಟ್ಟೆ ಡಬ್ಬಿ ಮೇಲೆ ಜುಯ್ಯ್ ಅಂತ ಮೆಷಿನ್ ಹಿಡ್ಕೊಂಡು ಹೆಸರು ಹಾಕ್ತಾರಲ್ಲ, ಅದೇ ಕೆಲಸ, ಅದೇ ಮೆಷಿನ್, ಬಿಂದಿಗೆ ಬದಲು ಹಿತ್ತಾಳೆ ಬಿಲ್ಲೆ ಅಷ್ಟೇ. ನಾಲ್ಕೂವರೆ ಸ್ಟಾರ್ ಕೊಡ್ತಿದೀನಿ, ಅರ್ಧ ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ.

ಅಂಗಡಿ ಹೆಸರು ಹಾಕ್ತಿಲ್ಲ, ಯಜಮಾನ್ರೇ ಬೇಡ ಅಂದ್ರು. "ಮದುವೆ ಸೀಸನ್‌ಗೇ ಕೈ ಸಾಲಲ್ಲ ಕಣಮ್ಮ, ಇನ್ನು ಊರ್ ನಾಯಿಗಳೆಲ್ಲ ಬಂದು ಕ್ಯೂ ನಿಂತ್ರೆ ಗತಿ ಏನು" ಅಂತ. ಆದ್ರೆ ಹೆಸರು ಹಾಕೋ ಮೆಷಿನ್ ಇಟ್ಕೊಂಡಿರೋ ಪಾತ್ರೆ ಅಂಗಡಿ ಪೇಟೆಲಿ ಇದೊಂದೇ ಏನಲ್ಲ, ಕೇಳಿ ನೋಡಿ.

ನಮ್ದು ನಾಟಿ ನಾಯಿ. ಎಸ್.ಎಸ್. ಪುರಂನಲ್ಲಿ ನಮ್ಮನೆ ಪಕ್ಕದ ಖಾಲಿ ಸೈಟಲ್ಲೇ ಹುಟ್ಟಿದ್ದು, ಕಂದು ಬಣ್ಣ, ಒಂದ್ ಕಿವಿ ನಿಂತಿದೆ ಇನ್ನೊಂದು ಬಿದ್ದಿದೆ. ಹೆಸರು ಇಗ್ನಾಸಿಯೋ. ಮನೇಲಿ ಕರೆಯೋದು ನಾಚೋ. ಮಗಳು ಬೆಂಗ್ಳೂರಲ್ಲಿ ಸ್ಪ್ಯಾನಿಷ್ ಪ್ರೋಸೆಸ್ ಅಂತ ಇರುತ್ತಲ್ಲ ಅದ್ರಲ್ಲಿ ಕೆಲಸಕ್ಕಿದಾಳೆ, ದಿನಾ ರಾತ್ರಿ ಮೆಕ್ಸಿಕೋದವ್ರ ಜೊತೆ ಸ್ಪೇನ್‌ನವ್ರ ಜೊತೆ ಫೋನಲ್ಲಿ ಮಾತಾಡೋದೇ ಅವಳ ಕೆಲಸ, ಹಂಗಾಗಿ ನಾಯಿಗೆ ಹೆಸರಿಡೋ ಹಕ್ಕು ತನಗೇ ಅಂತ ತಾನೇ ತೀರ್ಮಾನ ಮಾಡ್ಕೊಂಡ್ಲು. ಟಾಮಿ ಜಿಮ್ಮಿ ರಾಕಿ ಬ್ರೂನೋ ಎಲ್ಲ ಸಾಕಾಯ್ತಮ್ಮ, ಸ್ಪೇನ್‌ನ ತಾತಂದಿರ ಹೆಸರು ಇಡೋಣ ಅಂದ್ಲು.

ತಾತಂದಿರ ಹೆಸರು ಅಂತ ಯಾಕಂದ್ಲು ಅಂದ್ರೆ, ಸ್ಪೇನ್‌ನ ಅಂಕಿಅಂಶ ಇಲಾಖೆಯವ್ರು ದೇಶದಲ್ಲಿ ಯಾವ ಹೆಸರು ಎಷ್ಟ್ ಜನಕ್ಕಿದೆ ಅಂತ ಲೆಕ್ಕ ಹಾಕಿ ವೆಬ್‌ಸೈಟಲ್ಲಿ ಇಡ್ತಾರಂತೆ, ಅದ್ರಲ್ಲಿ ಗಂಡಸರದು ನೋಡಿದ್ರೆ ಆಂತೋನಿಯೋ, ಮನುಯೆಲ್, ಹೊಸೆ, ಫ್ರಾನ್ಸಿಸ್ಕೋ ಇವೇ ಮೇಲೆ ಕೂತಿವೆ, ಆದ್ರೆ ಈಗ ಹುಟ್ಟೋ ಮಕ್ಕಳಿಗೆ ಮಾತೇಯೋ, ಮಾರ್ತಿನ್, ಊಗೋ ಅಂತ ಇಡೋದು ಜಾಸ್ತಿ. ಅಂದ್ರೆ ಅಲ್ಲಿ ಯಾರಾದ್ರೂ ನಾಯಿಗೆ ಪಾಕೋ (ಫ್ರಾನ್ಸಿಸ್ಕೋನ ಮುದ್ದು ಹೆಸರು) ಅಂತಲೋ ಮನೋಲೋ (ಮನುಯೆಲ್‌ದು) ಅಂತಲೋ ಇಟ್ರೆ ನಾವಿಲ್ಲಿ ನಂಜುಂಡಪ್ಪ ಅಂತ ಇಟ್ಟಂಗೆ. ಅಲ್ಲಿಯವ್ರಿಗೆ ಅದೊಂದು ತಮಾಷೆ. ಇಲ್ಲಿ ನಾಯಿಗೆ ನಂಜುಂಡಪ್ಪ ಅಂತ ಇಟ್ಟು ರೋಡಲ್ಲಿ ನಿಂತು ಕೂಗಿ ನೋಡಿ, ಮೂರ್ ಮನೆಯಿಂದ ಮೂರ್ ಜನ ನಂಜುಂಡಪ್ಪ ಆಚೆ ಬರ್ತಾರೆ, ಜಗಳಕ್ಕೆ. ಸ್ಪೇನ್ ಹೆಸರಾದ್ರೆ ತಮಾಷೆನೂ ಆಯ್ತು, ಯಾರ ಮನಸ್ಸಿಗೂ ನೋವಾಗಲ್ಲ, ಅದು ಮಗಳ ಲೆಕ್ಕಾಚಾರ. ಈ ಲೆಕ್ಕಾಚಾರ ಪಾತ್ರೆ ಅಂಗಡಿ ಕೌಂಟರ್ ಹತ್ರ ಏನಾಯ್ತು ಅಂತ ಮುಂದೆ ಬರುತ್ತೆ.

ಈ ಜನದ ಮುದ್ದು ಹೆಸರುಗಳದ್ದು ಬೇರೆನೇ ಲೋಕ. ಫ್ರಾನ್ಸಿಸ್ಕೋ ಮನೇಲಿ ಪಾಕೋ ಆಗ್ತಾನೆ, ಹೊಸೆ ಅನ್ನೋನು ಪೆಪೆ ಆಗ್ತಾನೆ, ದೊಲೋರೆಸ್ ಲೋಲಾ ಆಗ್ತಾಳೆ, ರೊಸಾರಿಯೋ ಚಾರೋ, ಕೊನ್ಸುಯೇಲೋ ಚೇಲೋ, ಇಗ್ನಾಸಿಯೋ ನಾಚೋ. ವೆಂಕಟೇಶ ವೆಂಕಿ ಆಗೋದು ಅರ್ಥ ಆಗುತ್ತೆ, ಹೊಸೆ ಅದ್ ಹೆಂಗ್ ಪೆಪೆ ಆದ ಅಂತ ಮಗಳು ಎಷ್ಟ್ ಹೇಳಿದ್ರೂ ನನ್ ತಲೆಗೆ ಹೋಗಿಲ್ಲ. ಇನ್ನೊಂದು, ಕೊನೇಲಿ ಓ ಬಂತು ಅಂದ್ರೆ ಗಂಡು ಅಂತ ಲೆಕ್ಕ ಹಾಕ್ಬೇಡಿ, ರೊಸಾರಿಯೋ ಕೊನ್ಸುಯೇಲೋ ಎರಡೂ ಅಲ್ಲಿ ಹೆಂಗಸರ ಹೆಸರು, ಮೇರಿ ಮಾತೆಯ ಬಿರುದಿನಿಂದ ಬಂದಿರೋದು. ಹೆಣ್ಣು ನಾಯಿಗೆ ಇಟ್ರೆ ಅಲ್ಲಿ ಸರಿ, ಇಲ್ಲಿ "ಬಾರೇ ಚೇಲೋ" ಅನ್ನೋಕೆ ನಾಲಿಗೆ ಒಪ್ಪಲ್ಲ, ಮೇಲಾಗಿ ಅದು ಚೇಳು ಅಂತ ಕೇಳ್ಸುತ್ತೆ, ಸಂಜೆ ಹೊತ್ತು ಕಾಂಪೌಂಡಲ್ಲಿ ನಿಂತು "ಚೇಲೋ ಚೇಲೋ" ಅಂತ ಕೂಗಿದ್ರೆ ಅಕ್ಕಪಕ್ಕದವ್ರು ಟಾರ್ಚು ದೊಣ್ಣೆ ತಗೊಂಡು ಓಡಿ ಬರ್ತಾರೆ.

ಗಂಡು ನಾಯಿಗೆ ಮಾತ್ರ ಈ ಓ ಹೆಸರುಗಳು ಅದ್ಭುತ ಕಣ್ರಿ. ನಾವು ಕೂಗೋದೇ ಹಂಗಲ್ವಾ, ಬಾರೋ, ಹೋಗೋ, ಇಳಿಯೋ, ಬಿಡೋ. "ನಾಚೋ ಬಾರೋ" ಅಂತ ಅಂದು ನೋಡಿ, ತಾನಾಗೇ ಹೊಂದ್ಕೊಳುತ್ತೆ, ಎರಡೇ ಅಕ್ಷರ, ಎಷ್ಟ್ ದೂರಕ್ಕೆ ಬೇಕಾದ್ರೂ ಎಳೆದು ಕೂಗ್ಬೋದು. ನಾಯಿಗೆ ಚಿಕ್ಕ ಹೆಸರಿಡಿ ಅಂತ ಟ್ರೈನಿಂಗ್ ಕೊಡೋರೂ ಹೇಳ್ತಾರೆ. ಕಷ್ಟ ಅಂದ್ರೆ ಹೊಸಬರಿಗೆ ಪರಿಚಯ ಮಾಡ್ಕೊಡೋದು. ದೊಡ್ಡವರು "ನಾಚೋ ನಾಯಿನಾ? ಯಾಕೆ, ಜನ ಕಂಡ್ರೆ ನಾಚುತ್ತಾ?" ಅಂತಾರೆ (ಬಂದೋರ ಮೇಲೆ ಎರಡು ಕಾಲೆತ್ತಿ ನಿಲ್ಲುತ್ತೆ, ನಾಚಿಕೆ ಮಾನ ಮರ್ಯಾದೆ ಯಾವ್ದೂ ಇಲ್ಲ), ಹುಡುಗ್ರು "ಆಂಟಿ, ಚಿಪ್ಸ್ ಹೆಸರು ಇಟ್ಟಿದೀರಾ" ಅಂತ ನಗ್ತಾರೆ. ಅದು ಉಲ್ಟಾ. ಮೆಕ್ಸಿಕೋದಲ್ಲಿ ಅಮೆರಿಕ ಬಾರ್ಡರ್ ಹತ್ರ ಪಿಯೆದ್ರಾಸ್ ನೇಗ್ರಾಸ್ ಅಂತ ಊರು, ಅಲ್ಲಿ 1940ರ ದಶಕದಲ್ಲಿ ಇಗ್ನಾಸಿಯೋ ಅನಾಯಾ ಅನ್ನೋರು ಹೋಟೆಲ್‌ಗೆ ಬಂದ ಗಿರಾಕಿಗಳಿಗೆ ಇದ್ದಿದ್ದರಲ್ಲೇ ಮೆಕ್ಕೆಜೋಳದ ರೊಟ್ಟಿ ತುಂಡು ಕರಿದು ಚೀಸ್ ಹಾಕಿ ಮೇಲೆ ಮೆಣಸಿನಕಾಯಿ ಇಟ್ಟು ಕೊಟ್ರಂತೆ, ಅವರ ಮುದ್ದು ಹೆಸರೇ ತಿಂಡಿಗೆ ಹೆಸರಾಯ್ತು. ಮನುಷ್ಯರಿಂದ ಚಿಪ್ಸ್‌ಗೆ ಬಂತು, ಈಗ ಎಸ್.ಎಸ್. ಪುರಂ ನಾಟಿ ನಾಯಿಗೂ ಬಂತು.

ಇನ್ನು ಬಿಲ್ಲೆ ವಿಷಯ. ಮೊದಲು ಆನ್‌ಲೈನಲ್ಲಿ ಒಂದು ಸೈಟಲ್ಲಿ ತರಿಸಿದ್ವಿ, ಮೂಳೆ ಶೇಪಿಂದು, ನೀಲಿ ಬಣ್ಣ, ನೋಡೋಕೆ ಚೆಂದ. ಕನ್ನಡದಲ್ಲಿ ಟೈಪ್ ಮಾಡಿದ್ರೆ ಚೌಕ ಚೌಕ ಬರ್ತಿತ್ತು, ಹಂಗಾಗಿ ಇಂಗ್ಲಿಷಲ್ಲೇ ಹಾಕ್ಸಿದ್ವಿ, ಅಲ್ಯೂಮಿನಿಯಂ ಮೇಲಿನ ಬಣ್ಣದಲ್ಲಿ ತೆಳ್ಳಗೆ ಬರೆದಿದ್ರು, ಇವನು ಮಣ್ಣಲ್ಲಿ ಹೊರಳಾಡಿ ಗೇಟ್‌ಗೆ ಉಜ್ಜಿ ಉಜ್ಜಿ ಮಳೆಗಾಲ ಮುಗಿಯೋಷ್ಟರಲ್ಲಿ ಫೋನ್ ನಂಬರ್ ಅರ್ಧ ಹೋಗಿತ್ತು. ನಂಬರ್ ಇಲ್ದಿರೋ ಬಿಲ್ಲೆ ಕಟ್ಟಿ ಏನ್ ಪ್ರಯೋಜನ. ಆಗ ನಮ್ಮನೆಯವ್ರು ಅಡುಗೆಮನೇಲಿ ನೀರು ಕುಡೀತಾ ಲೋಟ ತಿರುಗ್ಸಿ ನೋಡಿದ್ರು, ನಮ್ಮ ಮದುವೇಲಿ ಬಂದಿದ್ದ ಲೋಟ, ಕೊಟ್ಟೋರ ಹೆಸರು ಇನಿಷಿಯಲ್ ಸಮೇತ ಇನ್ನೂ ಹಂಗೇ ಇದೆ, ಅಷ್ಟ್ ವರ್ಷ ಬೂದಿ ಸಬೀನಾ ಸೋಪು ಎಲ್ಲ ಹಾಕಿ ತಿಕ್ಕಿದ್ರೂ. ಇದನ್ನ ಹಾಕೋರತ್ರನೇ ಹೋಗೋಣ ಬಾ ಅಂದ್ರು. ಇಷ್ಟು ವರ್ಷದಲ್ಲಿ ಅವರು ಕೊಟ್ಟ ಒಳ್ಳೆ ಐಡಿಯಾಗಳಲ್ಲಿ ಇದೂ ಒಂದು ಅಂತ ಬರೆದಿಟ್ಟಿರ್ತೀನಿ.

ಅಂಗಡಿ ಕಿರಿದು, ಉದ್ದಕ್ಕೆ ಒಳಗೆ ಹೋಗುತ್ತೆ, ಎರಡೂ ಕಡೆ ಪಾತ್ರೆ ಮಾಡಿನವರೆಗೂ ಜೋಡ್ಸಿದಾರೆ. ಯಜಮಾನ್ರಿಗೆ ವಯಸ್ಸಾಗಿದೆ, ಕನ್ನಡಕ ಮೂಗಿನ ತುದಿಲಿ, ಕೈ ಮಾತ್ರ ಒಂಚೂರೂ ಅಲ್ಲಾಡಲ್ಲ. ಬಿಲ್ಲೆ ಅಂದ ತಕ್ಷಣ ಡ್ರಾಯರ್‌ನಿಂದ ಹಿತ್ತಾಳೆದು ಗುಂಡಗಿರೋದು ತೆಗೆದ್ರು, ಬೀಗದ ಕೈ ಗೊಂಚಲಿಗೆ ಹಾಕೋದು, ಮೊದಲೇ ತೂತಿದೆ. "ಹೆಸರೇನಮ್ಮ?" ಇಗ್ನಾಸಿಯೋ ಅಂದೆ. ಪೆನ್ಸಿಲಲ್ಲಿ ಬರ್ಕೊಂಡ್ರು. "ಇನಿಷಿಯಲ್?"

ನಾನು ನಮ್ಮನೆಯವ್ರ ಮುಖ ನೋಡ್ದೆ, ಅವರು ನನ್ ಮುಖ ನೋಡಿದ್ರು. ನಾಯಿಗೆ ಅಂತ ಇನ್ನೂ ಹೇಳೇ ಇರ್ಲಿಲ್ಲ. ಮಗಳು ಮಧ್ಯೆ ಬಾಯಿ ಹಾಕಿ, ಅಲ್ಲಿ ಇನಿಷಿಯಲ್ ಇರಲ್ಲ ಅಂಕಲ್, ಹೆಸರಾದ್ಮೇಲೆ ಎರಡು ಮನೆತನದ ಹೆಸರು ಬರುತ್ತೆ, ಸಾಮಾನ್ಯವಾಗಿ ಮೊದಲು ಅಪ್ಪಂದು ಆಮೇಲೆ ಅಮ್ಮಂದು, ಮದುವೆ ಆದ್ರೂ ಹೆಂಗಸರ ಹೆಸರು ಬದಲಾಗಲ್ಲ ಅಂತ ಪಾಠ ಶುರು ಮಾಡಿದ್ಲು. ಯಜಮಾನ್ರು ಪೂರ್ತಿ ಕೇಳಿಸ್ಕೊಂಡು, ಒಳ್ಳೇದೇ, ಆದ್ರೆ ಬಿಲ್ಲೆಲಿ ಜಾಗ ಇಲ್ಲ ಅಂದ್ರು. ಯಾರಿಗೆ, ಮಗುಗಾ, ಅಂತ ಕೇಳಿದ್ರು. ನಾಯಿಗೆ ಅಂದೆ. ಪೆನ್ಸಿಲ್ ಕೆಳಗಿಟ್ರು.

ಆಮೇಲೆ ಅವರು ಹೇಳಿದ್ದು ಕೇಳಿ. "ಇಗ್ನಾಸಿಯೋ ಅಂದ್ರೆ ನಮ್ಮ ಇನ್ನಾಸಪ್ಪನ ಹೆಸರೇ ಅಲ್ವೇನಮ್ಮ?" ನಂಗೆ ಗೊತ್ತಿರ್ಲಿಲ್ಲ, ಸ್ಪ್ಯಾನಿಷ್ ಓದಿರೋ ಮಗಳಿಗೂ ಗೊತ್ತಿರ್ಲಿಲ್ಲ. ಚರ್ಚ್ ಮದುವೆಗಳಿಗೆ ಎಷ್ಟೋ ವರ್ಷದಿಂದ ಪಾತ್ರೆ ಮೇಲೆ ಹೆಸರು ಹಾಕಿ ಹಾಕಿ ಅವರಿಗೆ ಎಲ್ಲ ಬಾಯಿಪಾಠ, ಚೌರಪ್ಪ ಅಂದ್ರೆ ಕ್ಸೇವಿಯರ್, ರಾಯಪ್ಪ ಅಂದ್ರೆ ಪೀಟರ್, ಚಿನ್ನಪ್ಪ ಅಂದ್ರೆ ಪಾಲ್, ಇನ್ನಾಸಪ್ಪ ಅಂದ್ರೆ ಇಗ್ನೇಷಿಯಸ್. ಇವೆಲ್ಲ ನಮ್ಮ ಕಡೆ ಕ್ರೈಸ್ತರ ಹಳೇ ಹೆಸರುಗಳು, ಕೇಳಿರ್ತೀವಿ, ಎಲ್ಲಿಂದ ಬಂತು ಅಂತ ಯೋಚನೆ ಮಾಡಿರಲ್ಲ. ಮಗಳು ಅಲ್ಲೇ ಫೋನಲ್ಲಿ ನೋಡಿದ್ಲು, ಸರಿನೇ, ಇನ್ನಾಸಪ್ಪ ಇಗ್ನಾಸಿಯೋ ಎರಡೂ ಹೆಸರಿನ ಹಿಂದೆ ಇರೋರು ಲೊಯೋಲಾದ ಸಂತ ಇಗ್ನೇಷಿಯಸ್, ಜೆಸ್ವಿಟ್ ಅನ್ನೋ ಕ್ಯಾಥೋಲಿಕ್ ಪಾದ್ರಿಗಳ ಸಂಘ ಕಟ್ಟಿದವರು, 1491ರಲ್ಲಿ ಸ್ಪೇನ್‌ನ ಬಾಸ್ಕ್ ಸೀಮೆಲಿ ಹುಟ್ಟಿದಾಗ ಅವರ ಹೆಸರು ಈನಿಗೋ ಅಂತಿತ್ತು, ಇಗ್ನಾಸಿಯೋ ಆಗಿದ್ದು ದೊಡ್ಡವರಾದ್ಮೇಲೆ. ಜುಲೈ 31 ಅವರ ಹಬ್ಬ, ಸ್ಪೇನ್‌ನಲ್ಲಿ ಆ ದಿನ ಇಗ್ನಾಸಿಯೋ ಅನ್ನೋರಿಗೆಲ್ಲ ಶುಭಾಶಯ ಹೇಳ್ತಾರೆ, ಹುಟ್ಟಿದ್ದಿನ ಬೇರೆ, ಹೆಸರಿನ ದಿನ ಬೇರೆ.

ಅಲ್ಲಿಗೆ ದೂರದ ಹೆಸರು ಯಾರಿಗೂ ನೋವಿಲ್ಲ ಅನ್ನೋ ಲೆಕ್ಕಾಚಾರ ಮುಗೀತು. ಯಜಮಾನ್ರು ಬೈಯಲೂ ಇಲ್ಲ, ಬೇಡ ಅಂತ ವಾಪಸ್ ಕಳಿಸ್ಲೂ ಇಲ್ಲ, ವ್ಯಾಪಾರಸ್ಥರು ನೋಡಿ. "ನಾಚೋ ಅಂತ ಹಾಕ್ತೀನಮ್ಮ, ಮುದ್ದು ಹೆಸರು ನಾಯಿಗೂ ಇರುತ್ತೆ ಮಕ್ಕಳಿಗೂ ಇರುತ್ತೆ, ಯಾರೂ ಏನೂ ಅನ್ಕೊಳಲ್ಲ. ಎರಡೇ ಅಕ್ಷರ, ನಿಮಗೂ ಕಮ್ಮಿ ಬೀಳುತ್ತೆ" ಅಂದ್ರು. ನಂಗೆ ಇದು ನೂರಕ್ಕೆ ನೂರು ಸರಿ ಅನ್ನಿಸ್ತು. ನೀವೂ ಸ್ಪ್ಯಾನಿಷ್ ಹೆಸರು ಇಡೋದಾದ್ರೆ ಕತ್ತಿಗೆ ಮುದ್ದು ಹೆಸರು ಹಾಕ್ಸಿ, ಪೂರ್ತಿ ಹೆಸರು ಮನೆ ಒಳಗೆ ಬೈಯೋಕೆ ಇಟ್ಕೊಳಿ. ಚಪ್ಪಲಿ ಕಚ್ಚಿದಾಗ "ಇಗ್ನಾಸಿಯೋ" ಅಂತ ಒಂದ್ಸಲ ಗದರಿದ್ರೆ ಸೋಫಾ ಕೆಳಗೆ ಸೇರ್ಕೊಳ್ತಾನೆ.

ರೇಟಿನ ವಿಷಯ ಇಲ್ಲಿ ಹೇಳ್ಬೇಕು, ಯಾಕಂದ್ರೆ ಅದೂ ಒಂಥರ ಮಜಾ ಇದೆ. ಬಿಲ್ಲೆಗೆ 60 ರೂಪಾಯಿ, ಕೊರೆಯೋದಕ್ಕೆ ಅಕ್ಷರಕ್ಕೆ 5 ರೂಪಾಯಿ. ಇಂಗ್ಲಿಷಲ್ಲಿ ಇಗ್ನಾಸಿಯೋ ಅಂತ ಬರೆದ್ರೆ 7 ಅಕ್ಷರ, ಕನ್ನಡದಲ್ಲಿ 4. ಒತ್ತಕ್ಷರಕ್ಕೆ ಎಕ್ಸ್‌ಟ್ರಾ ತಗೋತೀರಾ ಅಂತ ಕೇಳ್ದೆ. "ಒತ್ತು ಫ್ರೀ, ದೀರ್ಘ ಫ್ರೀ" ಅಂದ್ರು. ಕೃಷ್ಣಮೂರ್ತಿ ಅನ್ನೋ ಹೆಸರಿಗೂ ಅಷ್ಟೇನಂತೆ. ಉದ್ದ ಹೆಸರಿರೋ ನಾಯಿಯವ್ರು ಕನ್ನಡದಲ್ಲೇ ಹಾಕ್ಸಿ, ಭಾಷಾಭಿಮಾನಕ್ಕೂ ಆಯ್ತು, ದುಡ್ಡೂ ಉಳೀತು. ಫೋನ್ ನಂಬರ್‌ಗೆ 10 ಅಂಕಿ, ಅದಕ್ಕೂ ಅದೇ ರೇಟ್. ಅಂಕಿ ಕನ್ನಡದ್ದು ಹಾಕ್ಲಾ ಅಂತ ಕೇಳ್ತಾರೆ, ಬೇಡ ಅನ್ನಿ, ನಾಯಿ ಸಿಕ್ಕಿದೋರು ಯಾವೂರಿನವ್ರೋ ಏನೋ.

ಕೆಲಸ ನೋಡೋಕೆ ಚೆಂದ. ಕೈಲಿ ಪೆನ್ ಹಿಡ್ದಂಗೇ ಮೆಷಿನ್ ಹಿಡೀತಾರೆ, ಅದ್ರ ಮೊನೆ ಟಕಟಕ ಅಂತ ಕುಟ್ತಾ ಹೋಗುತ್ತೆ, ಹತ್ರದಿಂದ ನೋಡಿದ್ರೆ ಗೆರೆ ಅಲ್ಲ, ಸಣ್ಣ ಸಣ್ಣ ಚುಕ್ಕಿ. ಸ್ಟೀಲಿಗಿಂತ ಹಿತ್ತಾಳೆ ಮೆದು, ಆಳಕ್ಕೆ ಇಳಿಯುತ್ತೆ ಅಂದ್ರು. ಹೆಸರು ಒಂದ್ ಕಡೆ, ನಂಬರ್ ಹಿಂದ್ಗಡೆ. ಕೊನೆಗೆ ಅಭ್ಯಾಸಬಲ ಇರ್ಬೇಕು, ನಾಚೋ ಅಂತ ಬರೆದು ಪಕ್ಕದಲ್ಲಿ ಒಂದು ಹೂವಿನ ಬಳ್ಳಿ ಬಿಟ್ಟು, ಇನ್ನೇನು ನೆನಪಿನ ಕಾಣಿಕೆ ಅಂತ ಶುರು ಮಾಡ್ಬೇಕು ಅನ್ನೋಷ್ಟರಲ್ಲಿ ನಮ್ಮನೆಯವ್ರು ತಡೆದ್ರು. ನೀರಿಡೋಕೆ ಸ್ಟೀಲ್ ಬಟ್ಟಲೊಂದು ತಗೊಂಡ್ವಿ, ಅಲ್ಲೇ ತಗೊಂಡ ಪಾತ್ರೆ ಮೇಲೆ ಹೆಸರು ಫ್ರೀ, ಹಂಗಾಗಿ ಬಟ್ಟಲ ಮೇಲೂ ನಾಚೋ.

ಈಗ ಬಾಳಿಕೆ. ದೀಪಾವಳಿಲಿ ಪಟಾಕಿಗೆ ಹೆದ್ರಿ ಕಾಂಪೌಂಡ್ ಹಾರಿ ಓಡಿಹೋಗಿದ್ದ, ಅಮಾನಿಕೆರೆ ಹತ್ರ ಕಬ್ಬಿನ ಹಾಲು ಮಾರೋರು ಫೋನ್ ಮಾಡಿದ್ರು, "ನಿಮ್ ನಾಚು ಇಲ್ಲಿದಾನೆ ನೋಡಿ, ಹೆಸರು ಕರೆದೆ, ಬಂದು ಕಾಲತ್ರ ಕೂತ್ಕೊಂಡ" ಅಂದ್ರು. ಕನ್ನಡದಲ್ಲಿ ಬರೆದಿದ್ದಕ್ಕೆ ಓದಿದ್ರು, ಎರಡಕ್ಷರ ಇದ್ದಿದ್ದಕ್ಕೆ ಕರೆದ್ರು, ಬಿಲ್ಲೆ ದುಡ್ಡು ಅವತ್ತೇ ಗಿಟ್ಟಿತು. ಅಕ್ಷರ ಒಂಚೂರೂ ಸವೆದಿಲ್ಲ.

ತೊಂದ್ರೆಗಳೂ ಇವೆ. ಬಿಲ್ಲೆ ಅಂಚು ಚೂಪಾಗಿತ್ತು, ಮನೇಲಿ ಉಪ್ಪು ಕಾಗದ ಹಾಕಿ ಉಜ್ಜಿದ್ವಿ, ಅದನ್ನ ಅವರೇ ಮಾಡ್ಕೊಡ್ಬೋದಿತ್ತು. ಅವರ 7 ಮತ್ತೆ 1 ಅಣ್ಣತಮ್ಮ ಇದ್ದಂಗೆ, ಹೇಳಿ 7ಕ್ಕೆ ಮಧ್ಯೆ ಅಡ್ಡಗೆರೆ ಹಾಕ್ಸಿ. ಹಿತ್ತಾಳೆ ಆದ್ರಿಂದ ಕಪ್ಪಾಗುತ್ತೆ, ದೇವರ ಸಾಮಾನು ತೊಳೆಯೋವಾಗ ಅದೇ ಹುಣಸೆಹಣ್ಣಲ್ಲಿ ಒಂದ್ಸಲ ಉಜ್ಜಿದ್ರೆ ಆಯ್ತು, ಅತ್ತೆ ನೋಡದೇ ಇರೋವಾಗ. ನಿಜವಾಗ್ಲೂ ಅರ್ಧ ಸ್ಟಾರ್ ಹೋಗಿದ್ದು ರಿಂಗ್‌ಗೆ. ಬಿಲ್ಲೆ ಜೊತೆ ಕೊಡೋ ರಿಂಗ್ ಬೀಗದ ಕೈಗೆ ಸಾಕು, ಎಳೆದಾಡೋ ನಾಯಿಗೆ ಆಗಲ್ಲ, ಬಾಯಿ ಬಿಟ್ಕೊಳುತ್ತೆ. ಬೀಗ ರಿಪೇರಿ ಮಾಡೋರತ್ರ ದಪ್ಪ ರಿಂಗ್ ಸಿಗುತ್ತೆ, ಅದನ್ನ ಹಾಕ್ಸಿ.

ಬಿಲ್ಲೆ ಇದೆ ಅಂತ ಉಳಿದಿದ್ದು ಮರೀಬೇಡಿ. ರೇಬೀಸ್ ಲಸಿಕೆ ಮರಿಗೆ 3 ತಿಂಗಳಾದಾಗ, ಆಮೇಲೆ ವರ್ಷ ವರ್ಷ, ಕಾರ್ಡ್ ಜೋಪಾನ. ಆ ಕಾರ್ಡಲ್ಲಿ ನಮ್ಮವನ ಹೆಸರನ್ನ ಯಾರೋ ಅವಸರದಲ್ಲಿ ಇಗ್ನಿಷನ್ ಅಂತ ಬರೆದಿದಾರೆ, ಗಾಡಿ ರಿಪೇರಿ ಕಾರ್ಡ್ ತರ. ಸ್ಪೇನ್‌ನಲ್ಲಿ ನಾಯಿಗೆ ಮೈಕ್ರೋಚಿಪ್ ಕಡ್ಡಾಯ, ಅಕ್ಕಿಕಾಳಿನಷ್ಟು ಚಿಕ್ಕದು, ಚರ್ಮದ ಕೆಳಗೆ ಹಾಕ್ತಾರೆ, 15 ಅಂಕಿ ನಂಬರ್ ಇರುತ್ತೆ. ನಮ್ಮಲ್ಲೂ ಹಾಕೋ ಡಾಕ್ಟರ್‌ಗಳಿದಾರೆ, ಆದ್ರೆ ಅದನ್ನ ಓದೋಕೆ ಸ್ಕ್ಯಾನರ್ ಬೇಕು, ಕಬ್ಬಿನ ಹಾಲಿನವ್ರತ್ರ ಇರಲ್ಲ. ಆ ದೇಶದಲ್ಲಿ 2022ರ ಜನವರಿಯಿಂದ ಕಾನೂನಲ್ಲೇ ಪ್ರಾಣಿ ಅಂದ್ರೆ ವಸ್ತು ಅಲ್ಲ, ನೋವು ನಲಿವು ಇರೋ ಜೀವಿ ಅಂತ ಬದಲಾಯ್ಸಿದಾರೆ, ಗಂಡ ಹೆಂಡ್ತಿ ಡಿವೋರ್ಸ್ ಆದ್ರೆ ನಾಯಿ ಯಾರ ಹತ್ರ ಇರ್ಬೇಕು ಅಂತಲೂ ಕೋರ್ಟ್ ನೋಡುತ್ತಂತೆ. ಮಗಳು ಇದನ್ನ ಊಟದ ಹೊತ್ತಲ್ಲಿ ಹೇಳಿದಾಗ ನಾನೂ ನಮ್ಮನೆಯವ್ರೂ ಒಟ್ಟಿಗೇ "ನನ್ ಹತ್ರ" ಅಂದ್ವಿ.

ಹೋಗೋರಿಗೆ: ಹೆಸರು ಬಾಯಲ್ಲಿ ಹೇಳ್ಬೇಡಿ, ಚೀಟಿಲಿ ಬರ್ಕೊಂಡು ಹೋಗಿ, ಸ್ಪ್ಯಾನಿಷ್ ಹೆಸರಾದ್ರಂತೂ ಮನೇಲೇ ಜಗಳ ಮುಗ್ಸಿ ಹೋಗಿ, ಯಾಕಂದ್ರೆ ಸ್ಪೇನ್‌ನ ಬಹುಪಾಲು ಕಡೆ ಇಗ್ನಾಥಿಯೋ ಅಂತಾರೆ, ಮೆಕ್ಸಿಕೋದವ್ರು ಇಗ್ನಾಸಿಯೋ ಅಂತಾರೆ, ಕೊರೆದ ಮೇಲೆ ಅಳಿಸೋಕಾಗಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಹೋದ್ರೆ ಕೂತ್ಕೊಂಡು ಮಾಡ್ಕೊಡ್ತಾರೆ, ಸಂಜೆ ರಶ್. ಮದುವೆ ತಿಂಗಳಲ್ಲಿ ಹೋಗ್ಲೇಬೇಡಿ. ಯುಪಿಐ ಇದೆ. ಗಾಡಿ ನಿಲ್ಸೋಕೆ ಜಾಗ ಇಲ್ಲ, ದೂರ ನಿಲ್ಸಿ ನಡ್ಕೊಂಡು ಹೋಗಿ. ಮತ್ತೆ ಅಳತೆ ನೋಡೋಣ ಅಂತ ನಾಯಿನ ಜೊತೆ ಕರ್ಕೊಂಡು ಹೋಗ್ಬೇಡಿ, ಬಾಗಿಲಲ್ಲೇ ಬಿಂದಿಗೆ ಮೇಲೆ ಬಿಂದಿಗೆ ಆಳೆತ್ತರ ಜೋಡ್ಸಿಟ್ಟಿದಾರೆ.